ಕ್ಯಾಂಪಸ್ಸಿನ ಇಬ್ಬರ ಕೋಣೆಯೋ, ಹೊರಗಿನ ಬಾಡಿಗೆ ಮನೆಯೋ: ನಾನ್‌ಜಿಂಗ್‌ನಲ್ಲಿ ಎರಡನ್ನೂ ನೋಡಿದವನ ಹೋಲಿಕೆ

ಚೀನಾಕ್ಕೆ ಓದಲು ಹೊರಡುವವರು ಮೊದಲ ವರ್ಷವಾದರೂ ಕ್ಯಾಂಪಸ್ಸಿನೊಳಗಿನ ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲ್ಲಿನಲ್ಲಿ, ಅದರಲ್ಲೂ ಇಬ್ಬರು ಹಂಚಿಕೊಳ್ಳುವ ಕೋಣೆಯಲ್ಲಿ ಇರುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ನಾನ್‌ಜಿಂಗ್ ನಗರದ ಪೂರ್ವಕ್ಕೆ, ಹಲವು ವಿಶ್ವವಿದ್ಯಾಲಯಗಳು ಒಟ್ಟಿಗಿರುವ ಶಿಯಾನ್‌ಲಿನ್ ಬಡಾವಣೆಯಲ್ಲಿ ಸ್ನಾತಕೋತ್ತರ ಪದವಿಗೆ ಸೇರಲು ನಾನು ಬಂದಿಳಿದಾಗ ಹಾಸ್ಟೆಲ್ ಭರ್ತಿಯಾಗಿತ್ತು. ಹಾಗಾಗಿ ಮೊದಲ ಸೆಮಿಸ್ಟರನ್ನು ಹೊರಗಿನ ಮನೆಯೊಂದರ ಕೋಣೆಯಲ್ಲಿ ಕಳೆದು, ಎರಡನೆಯ ಸೆಮಿಸ್ಟರಿಗೆ ಹಾಸ್ಟೆಲ್ಲಿಗೆ ಬಂದೆ. ಮತ್ತೆ ಹೊರಗೆ ಹೋಗುವ ಆಲೋಚನೆ ನನಗಿಲ್ಲ.

ಮೊದಲು ದುಡ್ಡಿನ ಮಾತು. ಚೀನಾ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಬರುವ ಸ್ನಾತಕೋತ್ತರ ವಿದ್ಯಾರ್ಥಿಗೆ ತಿಂಗಳಿಗೆ 3,000 ಯುವಾನ್ ಸಿಗುತ್ತದೆ, ಹಾಸ್ಟೆಲ್ ಉಚಿತ. ವಿಶ್ವವಿದ್ಯಾಲಯದ ಒಪ್ಪಿಗೆ ಪಡೆದು ಹೊರಗಿದ್ದರೆ ಹಾಸ್ಟೆಲ್ಲಿನ ಬದಲು ತಿಂಗಳಿಗೆ 700 ಯುವಾನ್ ವಸತಿ ಭತ್ಯೆ ಕೊಡುತ್ತಾರೆ. ನನ್ನ ಕೋಣೆಯ ಬಾಡಿಗೆ 1,600 ಯುವಾನ್ ಇದ್ದುದರಿಂದ ಪ್ರತಿ ತಿಂಗಳೂ ಕೈಯಿಂದ 900 ಹೋಗುತ್ತಿತ್ತು. ಅದಕ್ಕಿಂತ ಭಾರವಾದದ್ದು ಆರಂಭದ ಕಂತು. ಅಲ್ಲಿ ಒಂದು ತಿಂಗಳ ಬಾಡಿಗೆಯನ್ನು ಮುಂಗಡ ಠೇವಣಿಯಾಗಿಟ್ಟು ಮೂರು ತಿಂಗಳ ಬಾಡಿಗೆಯನ್ನು ಒಟ್ಟಿಗೆ ಕೊಡುವುದು ರೂಢಿ. ಅದರ ಮೇಲೆ ಏಜೆಂಟನ ಪಾಲು ಅರ್ಧ ತಿಂಗಳದ್ದು ಸೇರಿ 7,200 ಯುವಾನ್ ಆಯಿತು, ನಮ್ಮ ಲೆಕ್ಕದಲ್ಲಿ ಸುಮಾರು 86,000 ರೂಪಾಯಿ. ಆ ಹೊತ್ತಿಗೆ ವಿದ್ಯಾರ್ಥಿವೇತನದ ಮೊದಲ ತಿಂಗಳ ಹಣವೂ ಬಂದಿರಲಿಲ್ಲ, ಚೀನೀ ಬ್ಯಾಂಕ್ ಖಾತೆಯೂ ಇರಲಿಲ್ಲ. ಫೋನಿನಿಂದಲೇ ಹಣ ಪಾವತಿಸುವ ಅಲಿಪೇ ಆ್ಯಪಿಗೆ ನಮ್ಮ ವೀಸಾ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಿಕೊಂಡರೆ ಅಂಗಡಿಗಳಲ್ಲಿ ಪಾವತಿ ಸಲೀಸು, ಒಂದು ಸಲಕ್ಕೆ 200 ಯುವಾನ್‌ವರೆಗೆ ಶುಲ್ಕವೂ ಇಲ್ಲ. ಆದರೆ ಅದೇ ವಿದೇಶಿ ಕಾರ್ಡಿನಿಂದ ಮನೆಯೊಡತಿಯಂಥ ಖಾಸಗಿ ವ್ಯಕ್ತಿಗೆ ಹಣ ವರ್ಗಾಯಿಸಲು ಬರುವುದಿಲ್ಲ. ಕೊನೆಗೆ ನೋಟು ಎಣಿಸಿಯೇ ಕೊಡಬೇಕಾಯಿತು. ಹಾಸ್ಟೆಲ್ಲಿನಲ್ಲಿ ಕೇಳಿದ್ದು ಕೆಲವು ನೂರು ಯುವಾನ್ ಠೇವಣಿ ಮಾತ್ರ.

ಇಷ್ಟಾದರೂ ಹೊರಗಿನ ಮನೆಯ ಬಗ್ಗೆ ನನಗೆ ಬೇಸರ ಬಂದದ್ದು ದುಡ್ಡಿನಿಂದಲ್ಲ, ಪೊಲೀಸ್ ನೋಂದಣಿಯಿಂದ. 2013ರ ಜುಲೈ 1ರಿಂದ ಜಾರಿಯಲ್ಲಿರುವ ಪ್ರವೇಶ ಮತ್ತು ನಿರ್ಗಮನ ಆಡಳಿತ ಕಾನೂನಿನ ಪ್ರಕಾರ, ಹೋಟೆಲ್ ಬಿಟ್ಟು ಬೇರೆಡೆ ತಂಗುವ ವಿದೇಶಿಯರು 24 ಗಂಟೆಯೊಳಗೆ ಆ ಪ್ರದೇಶದ ಪೊಲೀಸ್ ಠಾಣೆಯಲ್ಲಿ ತಮ್ಮ ವಾಸಸ್ಥಳವನ್ನು ನೋಂದಾಯಿಸಬೇಕು. ಮಾಡಿಸದಿದ್ದರೆ ಎಚ್ಚರಿಕೆ, ಜೊತೆಗೆ 2,000 ಯುವಾನ್‌ವರೆಗೆ ದಂಡವನ್ನೂ ಹಾಕಬಹುದು. ಹೋಟೆಲ್ಲಿನಲ್ಲಾದರೆ ಈ ಕೆಲಸವನ್ನು ಅವರೇ ಮಾಡುತ್ತಾರೆ. ಹಾಗಾಗಿ ರಾತ್ರಿ ಬಂದಿಳಿಯುವವರು ಮೊದಲ ರಾತ್ರಿಯನ್ನು ಗೆಳೆಯರ ಕೋಣೆಯಲ್ಲಿ ಕದ್ದುಮುಚ್ಚಿ ಕಳೆಯುವುದಕ್ಕಿಂತ ಹೋಟೆಲ್ಲಿನಲ್ಲಿ ಕಳೆಯುವುದು ಲೇಸು.

ಬಾಡಿಗೆ ಮನೆಯಲ್ಲಿ ಈ ನೋಂದಣಿಗೆ ನನ್ನ ಪಾಸ್‌ಪೋರ್ಟ್ ಮತ್ತು ಬಾಡಿಗೆ ಕರಾರು ಮಾತ್ರ ಸಾಲಲಿಲ್ಲ. ಮನೆಯೊಡತಿಯ ಗುರುತಿನ ಚೀಟಿಯ ಪ್ರತಿ ಮತ್ತು ಮನೆಯ ಹಕ್ಕುಪತ್ರದ ಪ್ರತಿಯೂ ಬೇಕೆಂದು ಠಾಣೆಯಲ್ಲಿ ಹೇಳಿದರು. ಆಕೆ ಇದ್ದದ್ದು ಬೇರೊಂದು ಊರಿನಲ್ಲಿ, ಬೀಗದ ಕೈ ಕೊಟ್ಟದ್ದು ಏಜೆಂಟ್. ಗುರುತಿನ ಚೀಟಿಯ ಫೋಟೊ ಬಂತು, ಹಕ್ಕುಪತ್ರ ಬರಲಿಲ್ಲ. ಸರ್ಕಾರದ ಕಡತಕ್ಕೆ ಹೋದರೆ ಬಾಡಿಗೆಯ ಮೇಲೆ ತೆರಿಗೆ ಬಿದ್ದೀತೆಂಬ ಅಳುಕು ಆಕೆಗಿದೆಯೆಂದು ಏಜೆಂಟ್ ನಿಧಾನವಾಗಿ ಬಾಯಿಬಿಟ್ಟ. ಬಾಡಿಗೆ ತೆಗೆದುಕೊಳ್ಳುವಾಗ ಇಲ್ಲದ ಅಳುಕು ಇದು ಎಂದು ಹೇಳುವಷ್ಟು ಚೀನೀ ಭಾಷೆ ನನಗೆ ಆಗ ಬರುತ್ತಿರಲಿಲ್ಲ.

ಒಂದು ಚೀಟಿಗಾಗಿ ಇಷ್ಟೇಕೆ ಪರದಾಟ ಎನ್ನಿಸಬಹುದು. ಎಕ್ಸ್ 1 ವೀಸಾದಲ್ಲಿ, ಅಂದರೆ 180 ದಿನಗಳಿಗೂ ಮೀರಿದ ಓದಿಗೆ ಕೊಡುವ ವೀಸಾದಲ್ಲಿ, ಬಂದವರು ದೇಶದೊಳಗೆ ಕಾಲಿಟ್ಟ 30 ದಿನಗಳೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಆ ಅರ್ಜಿಗೆ ವಿಶ್ವವಿದ್ಯಾಲಯದ ಪತ್ರ, ಓದಿಗೆ ವೀಸಾ ಪಡೆಯಲು ಕೊಡುವ ನಮೂನೆ (ಚೀನಾ ಸರ್ಕಾರದ ವಿದ್ಯಾರ್ಥಿವೇತನದವರಿಗೆ ಜೆಡಬ್ಲ್ಯು 201, ಸ್ವಂತ ಖರ್ಚಿನವರಿಗೆ ಜೆಡಬ್ಲ್ಯು 202), ವೈದ್ಯಕೀಯ ತಪಾಸಣೆಯ ಪ್ರಮಾಣಪತ್ರ, ಫೋಟೊ ಇವುಗಳೊಂದಿಗೆ ಠಾಣೆಯ ಈ ನೋಂದಣಿ ಚೀಟಿಯೂ ಬೇಕು. ಚೀಟಿ ಇಲ್ಲದಿದ್ದರೆ ಅರ್ಜಿ ಇಲ್ಲ, ಅರ್ಜಿ ಇಲ್ಲದಿದ್ದರೆ ಗಡುವು ಮುಗಿದ ಮೇಲೆ ನಾವು ಅಕ್ರಮವಾಗಿ ಉಳಿದವರು. ತರಗತಿಗಳು ಶುರುವಾಗಿದ್ದರೂ ನನ್ನ ತಲೆಯಲ್ಲಿದ್ದದ್ದು ಆ ಹಕ್ಕುಪತ್ರ ಒಂದೇ. ಕೊನೆಗೆ ವಿಭಾಗದ ಕಚೇರಿಯವರೊಬ್ಬರು ಮನೆಯೊಡತಿಗೆ ಫೋನು ಮಾಡಿ ಕಾನೂನನ್ನು ವಿವರಿಸಿದ ಮೇಲೆ ಪ್ರತಿ ಬಂತು, ಗಡುವಿನೊಳಗೆ ಅರ್ಜಿಯೂ ಹೋಯಿತು. ಪರವಾನಗಿ ಅಂಟಿದ ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ಅದನ್ನು ತೋರಿಸಿ ನೋಂದಣಿಯನ್ನು ಹೊಸದಾಗಿಸಲು ಮತ್ತೆ ಅದೇ ಠಾಣೆಗೆ ಹೋಗಬೇಕಾಯಿತು. ನನ್ನ ಹಾಸ್ಟೆಲ್ಲಿನಲ್ಲಿಯಾದರೋ, ಕೆಳಗಿನ ಮೇಜಿನ ಹಿಂದೆ ಕುಳಿತ ಮೇಲ್ವಿಚಾರಕಿ ಪಾಸ್‌ಪೋರ್ಟ್ ತೆಗೆದುಕೊಂಡು, ಎರಡು ಪುಟ ಸ್ಕ್ಯಾನ್ ಮಾಡಿ, ಚೀಟಿ ಮುದ್ರಿಸಿ ಕೊಟ್ಟರು. ಅಷ್ಟೇ.

ಅಡುಗೆಯಲ್ಲಿ ಮಾತ್ರ ಹೊರಗಿನ ಮನೆಯೇ ಮೇಲು ಎಂದು ಒಪ್ಪಲೇಬೇಕು. ಹಾಸ್ಟೆಲ್ ಕೋಣೆಯಲ್ಲಿ ರೈಸ್ ಕುಕ್ಕರ್, ಇಂಡಕ್ಷನ್ ಒಲೆ, ವಿದ್ಯುತ್ ಕಂಬಳಿ ಎಲ್ಲವೂ ನಿಷಿದ್ಧ. ಕದ್ದು ಹಚ್ಚಿದರೂ ಮೀಟರ್ ತಾನೇ ಕರೆಂಟ್ ಕಡಿದು ಮೇಲ್ವಿಚಾರಕಿಗೆ ಸುದ್ದಿ ಮುಟ್ಟಿಸುತ್ತದೆ. ಮಹಡಿಗೊಂದು ಸಾಮೂಹಿಕ ಅಡುಗೆಮನೆಯಿದೆ, ಸಂಜೆಯ ಹೊತ್ತು ಅಲ್ಲಿ ಒಲೆಗೆ ಸರದಿ. ಅಲ್ಲಿರುವುದು ಇಂಡಕ್ಷನ್ ಒಲೆಗಳಾದ್ದರಿಂದ ಊರಿನಿಂದ ತಂದ ಅಲ್ಯೂಮಿನಿಯಂ ಕುಕ್ಕರ್ ಮೂಲೆಯಲ್ಲೇ ಉಳಿಯಿತು. ತರುವವರು ಇಂಡಕ್ಷನ್ ತಳದ ಸ್ಟೀಲ್ ಕುಕ್ಕರನ್ನೇ ತರಲಿ, ಜೊತೆಗೆ ಸಾರಿನ ಪುಡಿ, ಹುಳಿ ಪುಡಿ ಧಾರಾಳವಾಗಿರಲಿ. ಮೊಟ್ಟೆ ತಿನ್ನುವವನಾದ್ದರಿಂದ ಕ್ಯಾಂಟೀನಿನ ಟೊಮೆಟೊ-ಮೊಟ್ಟೆ ಪಲ್ಯ, ಸಣ್ಣಗೆ ಹೆಚ್ಚಿ ಹುರಿದ ಆಲೂಗಡ್ಡೆ ಮತ್ತು ಅನ್ನದಲ್ಲಿ ನನ್ನ ಮಧ್ಯಾಹ್ನಗಳು ಕಳೆಯುತ್ತವೆ. ಕಟ್ಟಾ ಸಸ್ಯಾಹಾರಿಗಳಿಗೆ ಇದು ಸುಲಭವಲ್ಲ, ಏಕೆಂದರೆ ಸೊಪ್ಪಿನ ಪಲ್ಯದಲ್ಲೂ ಮಾಂಸದ ಚೂರು ಇರುವುದುಂಟು. ಅಂಥವರಿಗೆ ಸ್ವಂತ ಒಲೆಯೇ ಎಲ್ಲಕ್ಕಿಂತ ಮುಖ್ಯವಾದರೆ ನನ್ನ ತೀರ್ಪು ತಿರುವುಮುರುವಾಗಬಹುದು.

ಚಳಿಗಾಲದ ವಿಷಯವನ್ನು ನಮ್ಮಲ್ಲಿ ಯಾರೂ ಮೊದಲೇ ಹೇಳುವುದಿಲ್ಲ. ಬೀಜಿಂಗ್‌ನಲ್ಲಿ ನವೆಂಬರ್ 15ರಿಂದ ಮಾರ್ಚ್ 15ರವರೆಗೆ ಊರಿಗೆಲ್ಲ ಕೊಳವೆಗಳ ಮೂಲಕ ಬಿಸಿ ಒದಗಿಸುತ್ತಾರೆ. ಚಿನ್‌ಲಿಂಗ್ ಬೆಟ್ಟಗಳು ಮತ್ತು ಹ್ವಾಯ್ ನದಿಯ ಗೆರೆಯಿಂದ ದಕ್ಷಿಣಕ್ಕಿರುವ ನಾನ್‌ಜಿಂಗ್‌ಗೆ ಆ ವ್ಯವಸ್ಥೆ ಇಲ್ಲ. ಆದ್ದರಿಂದ ಜನವರಿಯ ತೇವದ ಚಳಿಯನ್ನು ಏಸಿಯ ಬಿಸಿಗಾಳಿಯಿಂದಲೇ ನಿಭಾಯಿಸಬೇಕು. ಬಾಡಿಗೆ ಮನೆಯ ಎತ್ತರದ ಕೋಣೆ, ಸಂದು ಬಿಟ್ಟ ಕಿಟಕಿ, ಟೈಲ್ಸ್ ನೆಲ ಬಿಸಿಯಾಗುವಷ್ಟರಲ್ಲಿ ಬೆಳಗಾಗುತ್ತಿತ್ತು. ಹಾಸ್ಟೆಲ್ಲಿನ ಸಣ್ಣ ಕೋಣೆ ಬೇಗ ಬೆಚ್ಚಗಾಗುತ್ತದೆ, ಬಿಲ್ಲನ್ನು ಇಬ್ಬರು ಹಂಚಿಕೊಳ್ಳುತ್ತೇವೆ. ಕರೆಂಟಿಗೆ ಮೊದಲೇ ಹಣ ತುಂಬಿಸಬೇಕಾದ್ದರಿಂದ ಮಲಗುವ ಮುನ್ನ ಬಾಕಿ ನೋಡಿಕೊಳ್ಳುವುದು ಒಳ್ಳೆಯದು.

ಹಾಸಿಗೆ ಎರಡೂ ಕಡೆ ಹಲಗೆಯಷ್ಟೇ ಗಟ್ಟಿ. ಪ್ಲಗ್ಗಿನ ಅಡಾಪ್ಟರ್ ಎರಡೂ ಕಡೆ ಬೇಕು: ವೋಲ್ಟೇಜ್ ನಮ್ಮಂತೆಯೇ ಇದ್ದರೂ ನಮ್ಮ ದುಂಡನೆಯ ಮೂರು ಪಿನ್ನು ಅಲ್ಲಿನ ಸಾಕೆಟ್ಟಿಗೆ ಕೂರುವುದಿಲ್ಲ.

ಜೊತೆಗಾರನಿರುವುದರಿಂದ ಆಗುವ ತೊಂದರೆ ನನ್ನ ಮಟ್ಟಿಗೆ ಒಂದೇ, ಮನೆಗೆ ಫೋನು ಮಾಡುವುದು. ಮನೆಯವರು ಊಟ ಮುಗಿಸಿ ರಾತ್ರಿ 9ಕ್ಕೆ ಬಿಡುವಾದಾಗ ಇಲ್ಲಿ 11.30, ಜೊತೆಗಾರ ಮಲಗಿರುತ್ತಾನೆ. ಹಾಗಾಗಿ ನನ್ನ ಮಾತೆಲ್ಲ ಮೆಟ್ಟಿಲ ಮೇಲೆ. ಚೀನಾದಲ್ಲಿ ವಾಟ್ಸ್ಯಾಪ್ ಇಲ್ಲ, ಅಲ್ಲಿನವರು ಬಳಸುವ ಸಂದೇಶದ ಆ್ಯಪ್ ವಿಚಾಟ್ ಅನ್ನು ಭಾರತ 2020ರ ಜೂನ್‌ನಲ್ಲಿ ನಿಷೇಧಿಸಿದೆ. ಹೀಗಿರುವಾಗ ಊರಿನ ಸಿಮ್ಮಿಗೆ ಅಂತರರಾಷ್ಟ್ರೀಯ ರೋಮಿಂಗ್ ಹಾಕಿಸಿಕೊಂಡು ಬರುವುದು ಉತ್ತಮ. ರೋಮಿಂಗಿನಲ್ಲಿ ವಾಟ್ಸ್ಯಾಪ್ ನಡೆಯುತ್ತದೆ, ಬ್ಯಾಂಕಿನ ಒಟಿಪಿಯೂ ಬರುತ್ತದೆ.

ಹಾಸ್ಟೆಲ್ಲಿನ ಬಾಗಿಲು ರಾತ್ರಿ 11ಕ್ಕೆ ಮುಚ್ಚುತ್ತದೆಂಬುದು ಅನೇಕರ ದೂರು. ನಸುಕಿನಲ್ಲೇ ಎದ್ದು ಗ್ರಂಥಾಲಯದಲ್ಲಿ ಜಾಗ ಹಿಡಿಯುವ, ಶನಿವಾರಕ್ಕೊಮ್ಮೆ ಮೆಟ್ರೊ ಹತ್ತಿ ಶಿಂಜಿಯೆಕೌ ಪೇಟೆ ಸುತ್ತಿ ಕತ್ತಲಾಗುವಷ್ಟರಲ್ಲಿ ಮರಳುವ ನನಗೆ ಅದು ತಟ್ಟಿದ್ದೇ ಇಲ್ಲ. ಬಾಡಿಗೆಯಲ್ಲಿ ಉಳಿದ 900 ಯುವಾನ್ ಈಗ ಊರಿಗೆ ಹೋಗಿಬರುವ ವಿಮಾನದ ಟಿಕೆಟ್ಟಿಗೆ ಸೇರುತ್ತಿದೆ. ಒಬ್ಬರೇ ಇರುವ ಕೋಣೆ ಅದೇ ಹಾಸ್ಟೆಲ್ಲಿನಲ್ಲಿ ಸಿಗುತ್ತದಾದರೂ ವಿದ್ಯಾರ್ಥಿವೇತನದವರು ವ್ಯತ್ಯಾಸದ ಹಣ ತುಂಬಬೇಕು. ಮೆಟ್ಟಿಲ ಮೇಲೆ ಕೂತು ಮಾತಾಡುವುದನ್ನು ತಪ್ಪಿಸಲು ಅಷ್ಟು ಕೊಡುವ ಮನಸ್ಸು ನನಗಿಲ್ಲ.

ಸಂಸಾರದೊಂದಿಗೆ ಬರುವವರಿಗೆ, ರಾತ್ರಿಯಿಡೀ ಪ್ರಯೋಗಾಲಯದಲ್ಲಿ ಇರಬೇಕಾದ ಪಿಎಚ್‌ಡಿಯವರಿಗೆ ಹೊರಗಿನ ಮನೆಯೇ ಬೇಕಾಗಬಹುದು. ಹಾಗೆ ಹೋಗುವವರು ಠೇವಣಿಯ ಹಣ ಕೈಬಿಡುವ ಮುನ್ನವೇ ಮಾಲೀಕರ ಗುರುತಿನ ಚೀಟಿ ಮತ್ತು ಹಕ್ಕುಪತ್ರದ ಪ್ರತಿಗಳನ್ನು ಪಡೆದು, ಪೊಲೀಸ್ ನೋಂದಣಿಗೆ ಮಾಲೀಕರು ಸಹಕರಿಸತಕ್ಕದ್ದೆಂಬ ಸಾಲನ್ನು ಕರಾರಿನಲ್ಲೇ ಬರೆಸಿಕೊಳ್ಳಲಿ.