ಗೇರ್ ಕಾರು ಕಲಿಯೋಕೆ ಆಲ್ಟೊ ಕೆ10 ಹೇಗಿದೆ?

ಶೋರೂಮಿಗೆ ಹೋದವರು ಮೈಲೇಜು ಕೇಳುತ್ತಾರೆ, ಡಿಕ್ಕಿ ತೆಗೆದು ನೋಡುತ್ತಾರೆ, ಏಸಿ ಹಾಕಿ ಕೈ ಹಿಡಿಯುತ್ತಾರೆ. ಗೇರ್ ಗಾಡಿಯನ್ನೇ ಇನ್ನೂ ಕಲಿಯಬೇಕಾದವರು ನೋಡಬೇಕಾದ್ದು ಇದಲ್ಲ. ಕ್ಲಚ್ಚು ಎಲ್ಲಿ ಹಿಡಿಯುತ್ತದೆ (ಅಂದರೆ ಪೆಡಲ್ ಎಷ್ಟು ಬಿಟ್ಟಾಗ ಇಂಜಿನ್ನಿನ ಬಲ ಚಕ್ರಕ್ಕೆ ಸೇರುತ್ತದೆ), ಹಿಡಿದಾಗ ಕಾಲಿಗೂ ಕಿವಿಗೂ ಗೊತ್ತಾಗುತ್ತದೆಯೇ, ತಪ್ಪು ಮಾಡಿದರೆ ಗಾಡಿ ಎಷ್ಟು ಸಹಿಸಿಕೊಳ್ಳುತ್ತದೆ ಎನ್ನುವುದನ್ನು ನೋಡಬೇಕು. ಮಾರುತಿ ಆಲ್ಟೊ ಕೆ10ರ ಮ್ಯಾನುವಲ್ ಗಾಡಿಯನ್ನು ಇಲ್ಲಿ ತೂಗಿರುವುದು ಈ ತಕ್ಕಡಿಯಲ್ಲಿ ಮಾತ್ರ. ಕುಟುಂಬಕ್ಕೆ ಸಾಲುತ್ತದೆಯೇ, ತಿರುಪತಿಗೆ ಹೋಗಿಬರಬಹುದೇ ಎಂಬುದು ಬೇರೆ ವಿಚಾರ.

2022ರ ಆಗಸ್ಟ್‌ನಲ್ಲಿ ಹೊಸ ರೂಪದಲ್ಲಿ ಬಂದ ಈ ಗಾಡಿಯಲ್ಲಿರುವುದು 998 ಸಿಸಿಯ ಮೂರು ಸಿಲಿಂಡರ್ ಪೆಟ್ರೋಲ್ ಇಂಜಿನ್. ಶಕ್ತಿ ಸುಮಾರು 67 ಪಿಎಸ್, ಟಾರ್ಕ್ (ತಿರುಗಿಸುವ ಬಲ) 3500 ಆರ್‌ಪಿಎಂನಲ್ಲಿ 89 ನ್ಯೂಟನ್ ಮೀಟರ್. ಗೇರು ಐದು. ಉದ್ದ 3530 ಮಿಲಿಮೀಟರ್, ಅಗಲ 1490. ಟರ್ನಿಂಗ್ ರೇಡಿಯಸ್ 4.5 ಮೀಟರ್, ಅಂದರೆ ಪೂರ್ತಿ ಸುತ್ತಿಗೆ 9 ಮೀಟರ್ ಅಡ್ಡಗಲ ಬೇಕು. ನಮ್ಮ ಬಡಾವಣೆಗಳ ಮೂವತ್ತಡಿ ರಸ್ತೆ ಹತ್ತಿರಹತ್ತಿರ ಅಷ್ಟೇ ಇರುತ್ತದೆ. ಲೆಕ್ಕದ ಪ್ರಕಾರ ಒಂದೇ ಏಟಿಗೆ ಯೂ ಟರ್ನ್ ಆಗಬೇಕು. ಇಬ್ಬದಿಯಲ್ಲೂ ಗಾಡಿ ನಿಲ್ಲಿಸಿರುತ್ತಾರಾದ್ದರಿಂದ ಒಮ್ಮೆ ರಿವರ್ಸ್ ಹಾಕಲೇಬೇಕಾಗುತ್ತದೆ, ಆದರೆ ಒಂದೇ ಸಲ. ಕಲಿಯುವವರ ಬೆವರು ಅರ್ಧ ಉಳಿಯುವುದು ಇಲ್ಲಿಯೇ.

ಮೂರು ಸಿಲಿಂಡರ್ ಇಂಜಿನ್ನಿನ ನಡುಕವನ್ನು ಸಾಮಾನ್ಯವಾಗಿ ದೂರಿನ ಪಟ್ಟಿಗೆ ಸೇರಿಸುತ್ತಾರೆ. ಕಲಿಯುವವರಿಗೆ ಅದೇ ಉಪಕಾರ. ನಾಲ್ಕು ಸಿಲಿಂಡರ್ ಇಂಜಿನ್ನಿನಲ್ಲಿ ಕ್ರ್ಯಾಂಕ್ (ಇಂಜಿನ್ನಿನೊಳಗೆ ತಿರುಗುವ ದಂಡ) 180 ಡಿಗ್ರಿ ತಿರುಗುವಷ್ಟರಲ್ಲಿ ಒಮ್ಮೆ ಇಂಧನ ಉರಿಯುತ್ತದೆ, ಇಲ್ಲಿ 240 ಡಿಗ್ರಿಗೆ ಒಮ್ಮೆ. ಆ ಅಂತರದಿಂದಾಗಿ ಇಂಜಿನ್ ವೇಗ ತೀರಾ ಇಳಿದಾಗ ಗೇರ್ ಲಿವರ್ ಅದುರುತ್ತದೆ, ಸೀಟು ಗುಡುಗುಡು ಎನ್ನುತ್ತದೆ. ಈಗ ಆಫ್ ಆಗುತ್ತೇನೆ, ಕ್ಲಚ್ ಒತ್ತು ಎಂದು ಗಾಡಿಯೇ ಮೊದಲು ಹೇಳಿಬಿಡುತ್ತದೆ. ನಯವಾದ ದೊಡ್ಡ ಕಾರುಗಳಲ್ಲಿ ಈ ಮುನ್ಸೂಚನೆ ಮಂದ. ಡೀಸೆಲ್ ಗಾಡಿಯಲ್ಲಿ ಕಲಿತವರ ಕಷ್ಟ ಇನ್ನೊಂದು ಬಗೆಯದು. ಅದರ ಇಂಜಿನ್ ಕಡಿಮೆ ವೇಗದಲ್ಲೇ ಜೋರಾಗಿ ಎಳೆಯುವುದರಿಂದ ಕ್ಲಚ್ಚನ್ನು ಹೇಗೆ ಬಿಟ್ಟರೂ ಗಾಡಿ ಹೊರಡುತ್ತದೆ. ಅವರೇ ಪೆಟ್ರೋಲ್ ಕಾರಿಗೆ ಬಂದ ದಿನ ಸಿಗ್ನಲ್ಲಿಗೊಮ್ಮೆ ಆಫ್ ಮಾಡಿಕೊಳ್ಳುತ್ತಾರೆ.

ಕೂರುವ ಜಾಗಕ್ಕೆ ಅಷ್ಟು ಒಳ್ಳೆಯ ಅಂಕ ಕೊಡಲಾಗದು. ಡ್ರೈವರ್ ಸೀಟನ್ನು ಹಿಂದೆ ಮುಂದೆ ಸರಿಸಬಹುದು, ಒರಗು ಬಗ್ಗಿಸಬಹುದು. ಸೀಟನ್ನು ಎತ್ತರಿಸಲು, ಸ್ಟೀರಿಂಗನ್ನು ಮೇಲೆ ಕೆಳಗೆ ಮಾಡಲು ಬರುವುದಿಲ್ಲ. ಐದಡಿ ಅಥವಾ ಅದಕ್ಕಿಂತ ಸ್ವಲ್ಪವೇ ಎತ್ತರ ಇರುವವರಿಗೆ ಬಾನೆಟ್ಟಿನ ತುದಿ ಕಾಣದು. ಎರಡು ಇಂಚಿನ ಗಟ್ಟಿ ಕುಶನ್ ಹಾಕಿಕೊಳ್ಳಿ, ಮೆತ್ತನೆಯ ದಿಂಬು ಬೇಡ. ಬ್ರೇಕ್ ಒತ್ತಿದಾಗ ದಿಂಬಿನ ಮೇಲೆ ದೇಹ ಜಾರುತ್ತದೆ. ಕುಶನ್ ಹಾಕಿದ ಮೇಲೆಯೇ ಸೀಟಿನ ದೂರ ಹೊಂದಿಸಬೇಕು: ಎಡಗಾಲಲ್ಲಿ ಕ್ಲಚ್ಚನ್ನು ಪೂರ್ತಿ ತಳಕ್ಕೆ ಒತ್ತಿದಾಗ ಮಂಡಿ ಇನ್ನೂ ತುಸು ಬಾಗಿರಬೇಕು. ಕಾಲು ನೆಟ್ಟಗಾದರೆ ಸೀಟು ದೂರವಾಯಿತು. ಆಗ ಕ್ಲಚ್ ಪೂರ್ತಿ ಬಿಡಿಸಿಕೊಳ್ಳುವುದಿಲ್ಲ, ಗೇರ್ ಹಾಕುವಾಗ ಕರ್ರ್ ಎನ್ನುತ್ತದೆ. ಗೇರ್‌ಬಾಕ್ಸ್ ಕೆಟ್ಟಿದೆ ಎಂದು ಗ್ಯಾರೇಜಿಗೆ ಒಯ್ಯುವ ಮೊದಲು ಸೀಟನ್ನು ಎರಡು ಹಲ್ಲು ಮುಂದೆ ಎಳೆದು ನೋಡಿ.

ಇನ್ನು ಕ್ಲಚ್ಚು. ಪೆಡಲ್ ಹಗುರ, ಹೊಸ ಗಾಡಿಯಲ್ಲಿ ಹಿಡಿಯುವ ಜಾಗ ಸ್ಪಷ್ಟ. ಇದನ್ನು ಕಾಲಿಗೆ ಕಲಿಸಲು ಎಕ್ಸಲೇಟರ್ ಮುಟ್ಟದ ಅಭ್ಯಾಸವೇ ಸರಿ. ಖಾಲಿ ಸಮತಟ್ಟು ಮೈದಾನದಲ್ಲಿ ಕ್ಲಚ್, ಬ್ರೇಕ್ ಎರಡನ್ನೂ ಒತ್ತಿ ಮೊದಲ ಗೇರ್ ಹಾಕಿ. ಹ್ಯಾಂಡ್ ಬ್ರೇಕ್ ಇಳಿಸಿ, ಬ್ರೇಕಿನಿಂದ ಕಾಲು ತೆಗೆಯಿರಿ. ಎಡಗಾಲಿನ ಹಿಮ್ಮಡಿ ನೆಲಕ್ಕೆ ತಾಗಿರಲಿ. ಪಾದದ ಮುಂಭಾಗದಿಂದ ಕ್ಲಚ್ಚನ್ನು ಕೂದಲೆಳೆಯಷ್ಟೇ ಮೇಲಕ್ಕೆ ಬಿಡುತ್ತಾ ಬನ್ನಿ. ಇಂಜಿನ್ನಿನ ಸದ್ದು ಸ್ವಲ್ಪ ಕುಗ್ಗುತ್ತದೆ, ಗಾಡಿ ಮೈ ಬಿಗಿ ಹಿಡಿದಂತಾಗುತ್ತದೆ. ಅಲ್ಲಿ ನಿಲ್ಲಿಸಿ, ಮನಸ್ಸಿನಲ್ಲಿ ಒಂದು, ಎರಡು, ಮೂರು ಎಣಿಸಿ. ಗಾಡಿ ತಾನಾಗಿ ನಡಿಗೆಯ ವೇಗದಲ್ಲಿ ಹೊರಡುತ್ತದೆ, ಏಕೆಂದರೆ ಇಂಜಿನ್ ಕುಗ್ಗಿದ್ದನ್ನು ಕಂಡು ಅದರ ಕಂಪ್ಯೂಟರ್ರೇ ಇಂಧನ ಹೆಚ್ಚಿಸುತ್ತದೆ. ಆಮೇಲೆ ಉಳಿದದ್ದನ್ನು ಬಿಡಿ. ಬಹುತೇಕರು ಎಡವುವುದು ಆ ಮೂರು ಎಣಿಕೆಯಲ್ಲಿ: ಗಾಡಿ ಅಲುಗಿದ ಖುಷಿಗೆ ಕಾಲನ್ನು ಒಮ್ಮೆಲೇ ಎತ್ತಿಬಿಡುತ್ತಾರೆ, ಗಾಡಿ ಕುಪ್ಪಳಿಸಿ ಆಫ್ ಆಗುತ್ತದೆ. ಹೊರಡು, ನಿಲ್ಲು, ಹೊರಡು ಎಂದು ಐವತ್ತು ಸಲ ಮಾಡಿದ ಮೇಲೆಯೇ ಬಲಗಾಲಿಗೆ ಕೆಲಸ ಕೊಡಿ. ಗಾಡಿ ಹಗುರ ಇರುವುದರಿಂದ ಆಲ್ಟೊದಲ್ಲಿ ಈ ಅಭ್ಯಾಸ ಸಲೀಸು. ಮೈದಾನದಲ್ಲಿ ಮರಳೋ ಹಸಿ ಮಣ್ಣೋ ಇದ್ದರೆ ಮಾತ್ರ ಚಕ್ರಕ್ಕೆ ತಡೆ ಹೆಚ್ಚಿ ಆಫ್ ಆಗುತ್ತದೆ, ಅದು ನಿಮ್ಮ ತಪ್ಪಲ್ಲ.

ಡ್ರೈವಿಂಗ್ ಸ್ಕೂಲಿನಲ್ಲಿ ಚೆನ್ನಾಗಿ ಓಡಿಸುತ್ತಿದ್ದವರು ಸ್ವಂತ ಹೊಸ ಆಲ್ಟೊದಲ್ಲಿ ತಡಬಡಾಯಿಸುವುದಕ್ಕೂ ಕಾರಣ ಕ್ಲಚ್ಚೇ. ಸ್ಕೂಲಿನ ಗಾಡಿಯಲ್ಲಿ ದಿನಕ್ಕೆ ಹತ್ತಾರು ಜನ ಕಲಿಯುತ್ತಾರೆ, ಕ್ಲಚ್ ಪ್ಲೇಟ್ ಸವೆದಿರುತ್ತದೆ. ಪ್ಲೇಟ್ ಸವೆದಷ್ಟೂ ಹಿಡಿಯುವ ಜಾಗ ಪೆಡಲಿನ ಮೇಲ್ತುದಿಗೆ ಸರಿಯುತ್ತದೆ. ಅಲ್ಲಿ ಮುಕ್ಕಾಲು ಪಾಲು ಸರ್ರನೆ ಬಿಟ್ಟು ಕೊನೆಯಲ್ಲಿ ನಿಧಾನ ಮಾಡುವುದು ರೂಢಿಯಾಗಿರುತ್ತದೆ. ಹೊಸ ಗಾಡಿಯಲ್ಲಿ ಅದಕ್ಕಿಂತ ಕೆಳಗೇ ಹಿಡಿಯುತ್ತದೆ, ಅದೇ ರೂಢಿಯಲ್ಲಿ ಬಿಟ್ಟರೆ ಆಫ್. ಜೊತೆಗೆ ಪಕ್ಕದ ಸೀಟಿನ ಕೆಳಗೂ ಕ್ಲಚ್, ಬ್ರೇಕ್ ಇರುವುದರಿಂದ ಗಾಡಿಯನ್ನು ಉಳಿಸಿದ್ದು ನಿಮ್ಮ ಕಾಲೋ ಕಲಿಸುವವರ ಕಾಲೋ ಎಂಬುದು ಎಷ್ಟೋ ಸಲ ಗೊತ್ತೇ ಆಗಿರುವುದಿಲ್ಲ. ನಿಯಮದ ಪ್ರಕಾರ ಲಘು ವಾಹನದ ತರಬೇತಿ 21 ದಿನ, ಕನಿಷ್ಠ 10 ಗಂಟೆಯ ಚಾಲನೆ. ಹತ್ತು ಗಂಟೆ ಆರಂಭಕ್ಕೆ ಸಾಕು, ಬೆಂಗಳೂರಿನ ಔಟರ್ ರಿಂಗ್ ರೋಡಿಗೆ ಸಾಲದು.

ಗೇರ್ ಲಿವರ್ ಬಗ್ಗೆ. ಒಂದು, ಎರಡು ನಿಮ್ಮಿಂದ ದೂರದ ಎಡ ಸಾಲಿನಲ್ಲಿ. ಮೂರು, ನಾಲ್ಕು ನಡುವೆ. ಐದು ಮತ್ತು ಅದರ ಕೆಳಗೆ ರಿವರ್ಸ್ ನಿಮ್ಮ ಕಡೆಗೆ. ನ್ಯೂಟ್ರಲ್‌ನಲ್ಲಿ ಬಿಟ್ಟರೆ ಸ್ಪ್ರಿಂಗ್ ಲಿವರನ್ನು ತಾನೇ ನಡುಸಾಲಿಗೆ ತರುತ್ತದೆ. ಈ ಸ್ಪ್ರಿಂಗನ್ನು ನಂಬದಿರುವುದೇ ದೊಡ್ಡ ತಪ್ಪು. ಎರಡರಿಂದ ಮೂರಕ್ಕೆ ಹೋಗುವಾಗ ಲಿವರನ್ನು ಮುಷ್ಟಿಯಲ್ಲಿ ಬಿಗಿ ಹಿಡಿದು ತಮ್ಮತ್ತ ಎಳೆದು ಮೇಲಕ್ಕೆ ತಳ್ಳುತ್ತಾರೆ. ಬೀಳುವುದು ಐದನೆಯದು, ಗಾಡಿ ಗೊಣಗುತ್ತಾ ಕುಸಿಯುತ್ತದೆ. ಐದರಿಂದ ನಾಲ್ಕಕ್ಕೆ ಬರುವಾಗ ದೂರ ತಳ್ಳಿದರೆ ಎರಡು ಬೀಳುತ್ತದೆ, ಅದು ನಿಜಕ್ಕೂ ಅಪಾಯ: ಇಂಜಿನ್ ಕಿರುಚಿ ಮುಂದಿನ ಚಕ್ರಗಳು ಒಮ್ಮೆಲೇ ತಡೆಯುತ್ತವೆ. ಮೂರಕ್ಕೂ ನಾಲ್ಕಕ್ಕೂ ಅಂಗೈ ತೆರೆದಿಟ್ಟು ನೇರ ಮೇಲೆ, ನೇರ ಕೆಳಗೆ ಒತ್ತಿ; ಪಕ್ಕಕ್ಕೆ ಬಲ ಬೇಡವೇ ಬೇಡ. ರಿವರ್ಸ್‌ಗೆ ಗಾಡಿ ಪೂರ್ತಿ ನಿಂತಿರಬೇಕು. ಆಗಲೂ ಕರ್ರ್ ಎಂದರೆ ಕ್ಲಚ್ ಒತ್ತಿಯೇ ಎರಡು ಸೆಕೆಂಡ್ ಕಾದು, ಒಂದನೇ ಗೇರಿಗೆ ಮುಟ್ಟಿಸಿ ರಿವರ್ಸ್ ಹಾಕಿ.

ಈ ಇಂಜಿನ್ನಿಗೆ ಹೊಂದುವ ವೇಗ ಹೀಗಿದೆ: ಗಾಡಿ ಉರುಳಲು ಶುರುವಾಗಿ 10, 15 ಕಿಲೋಮೀಟರ್ ಆದೊಡನೆ ಎರಡು, 25, 30ಕ್ಕೆ ಮೂರು, 40 ದಾಟಿದ ಮೇಲೆ ನಾಲ್ಕು, 55ರ ಮೇಲೆ ಐದು. ಸ್ಪೀಡ್ ಬ್ರೇಕರ್‌ಗೆ ಎರಡನೇ ಗೇರ್ ಸಾಕು. ಗಾಡಿ ಹೆಚ್ಚುಕಡಿಮೆ ನಿಂತೇಬಿಟ್ಟರೆ ಒಂದು. ಏಸಿ ಹಾಕಿ ನಾಲ್ಕು ಜನ ಕೂತರೆ ಎಲ್ಲ ಗೇರನ್ನೂ ತುಸು ತಡವಾಗಿ ಬದಲಿಸಬೇಕು. ಮೈಲೇಜ್ ಆಸೆಗೆ 30ರಲ್ಲೇ ನಾಲ್ಕು ಹಾಕಿ ಎಕ್ಸಲೇಟರ್ ತುಳಿಯುವುದು ಈ ಸಣ್ಣ ಇಂಜಿನ್ನಿಗೆ ಹಿಂಸೆ.

ಬ್ರೇಕ್ ಹಾಕುವ ಕ್ರಮದಲ್ಲಿ ನಮ್ಮಲ್ಲಿ ಹಲವರು ಕಲಿಸುವುದೇ ತಪ್ಪು. ಆಫ್ ಆಗದಿರಲಿ ಎಂದು ಮೊದಲು ಕ್ಲಚ್, ಆಮೇಲೆ ಬ್ರೇಕ್ ಎಂದು ಹೇಳಿಕೊಡುತ್ತಾರೆ. 40ರ ವೇಗದಲ್ಲಿ ಕ್ಲಚ್ ಒತ್ತಿದ ಗಳಿಗೆ ಇಂಜಿನ್ನಿನ ಹಿಡಿತ ತಪ್ಪಿ ಗಾಡಿ ತೇಲಲು ಶುರುಮಾಡುತ್ತದೆ. ಮೊದಲು ಬ್ರೇಕ್; ವೇಗ 15ರ ಆಸುಪಾಸಿಗೆ ಇಳಿದು ಸೀಟು ಅದುರತೊಡಗಿದಾಗ ಕ್ಲಚ್. ಯಾರಾದರೂ ದಿಢೀರನೆ ಅಡ್ಡ ಬಂದರೆ ಎರಡನ್ನೂ ಒಟ್ಟಿಗೆ, ಪೂರ್ತಿ ತುಳಿಯಿರಿ. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೆಲಸ ಮಾಡುವಾಗ ಬ್ರೇಕ್ ಪೆಡಲ್ ಕಾಲಿಗೆ ಗಡಗಡ ಬಡಿಯುತ್ತದೆ, ಹೆದರಿ ಕಾಲು ತೆಗೆಯಬೇಡಿ.

ದಿಬ್ಬ ಬಂದಾಗ ಕಲಿತದ್ದೆಲ್ಲ ಪರೀಕ್ಷೆಗೆ ನಿಲ್ಲುತ್ತದೆ. ಮಂಗಳೂರಿನ ಕದ್ರಿ, ಲೈಟ್‌ಹೌಸ್ ಹಿಲ್ ಕಡೆಯವರಿಗೂ ಮಡಿಕೇರಿಯವರಿಗೂ ಇದು ದಿನನಿತ್ಯದ ಮಾತು. ಬಯಲುಸೀಮೆಯವರಿಗೆ ಮೊದಲು ಎದುರಾಗುವುದು ಹೆಚ್ಚಾಗಿ ಮಾಲ್‌ಗಳ ನೆಲಮಾಳಿಗೆ ಪಾರ್ಕಿಂಗಿನ ಇಳಿಜಾರು. ಹ್ಯಾಂಡ್ ಬ್ರೇಕನ್ನು ಬಿಗಿಯಾಗಿ ಎಳೆಯಿರಿ, ಒಂದನೇ ಗೇರ್ ಹಾಕಿ. ಇಂಜಿನ್ ಸದ್ದು ಗುಂಯ್ ಎನ್ನುವಷ್ಟು ಎಕ್ಸಲೇಟರ್ ಕೊಟ್ಟು ಕಾಲನ್ನು ಅಲ್ಲೇ ನಿಲ್ಲಿಸಿ. ಕ್ಲಚ್ಚನ್ನು ಹಿಡಿಯುವ ಜಾಗಕ್ಕೆ ತನ್ನಿ. ಬಾನೆಟ್ ಒಂದೆಳೆ ಮೇಲೆದ್ದಂತಾಗಿ ಸದ್ದು ಭಾರವಾದಾಗ ಹ್ಯಾಂಡ್ ಬ್ರೇಕ್ ಇಳಿಸಿ. ಹಿಂದೆ ಜಾರಿದರೆ ಹ್ಯಾಂಡ್ ಬ್ರೇಕನ್ನು ಬೇಗ ಇಳಿಸಿದ್ದೀರಿ. ಬಿಗಿಹಿಡಿದು ನಿಂತಲ್ಲೇ ಆಫ್ ಆದರೆ ಎಕ್ಸಲೇಟರ್ ಸಾಲಲಿಲ್ಲ, ಇಲ್ಲವೇ ಹ್ಯಾಂಡ್ ಬ್ರೇಕ್ ಇಳಿಸಿದ್ದು ತಡವಾಯಿತು. ಲೈಸೆನ್ಸ್ ಪರೀಕ್ಷೆಯ ನಿಯಮದಲ್ಲೂ ಏರಿನಲ್ಲಿ ನಿಲ್ಲಿಸಿ, ಹಿಂದೆ ಜಾರದಂತೆ ಮತ್ತೆ ಹೊರಡಬೇಕು ಎಂದಿದೆ. ಇನ್ನು ಆಗುಂಬೆಯ 14 ತಿರುವುಗಳನ್ನು ಇಳಿಯುವಾಗ ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುವ ಬುದ್ಧಿವಂತಿಕೆ ಬೇಡ. ಎರಡನೇ ಗೇರಿನಲ್ಲೇ ಇಳಿಯಿರಿ, ಬ್ರೇಕ್ ಬಿಸಿಯಾಗದೆ ಉಳಿಯುತ್ತದೆ. ಎಕ್ಸಲೇಟರ್ ಬಿಟ್ಟು ಗೇರಿನಲ್ಲಿ ಇಳಿಯುವಾಗ ಇಂಜಿನ್ ಪೆಟ್ರೋಲನ್ನು ತಾನೇ ನಿಲ್ಲಿಸಿಕೊಂಡಿರುತ್ತದೆ.

ಹಗುರ ಕ್ಲಚ್ಚಿನ ಕೆಟ್ಟ ಪಾಠವೂ ಒಂದಿದೆ: ಹಾಫ್ ಕ್ಲಚ್ ಚಟ. ಕಾಲು ನೋಯುವುದಿಲ್ಲವಾದ್ದರಿಂದ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಗಾಡಿಗಳ ಸಾಲಿನಲ್ಲಿ ಅರ್ಧ ಒತ್ತಿಕೊಂಡೇ ತೆವಳುತ್ತಾರೆ. ಏರಿನಲ್ಲಿ ಬ್ರೇಕಿನ ಬದಲು ಕ್ಲಚ್ಚಿನಲ್ಲೇ ಗಾಡಿ ನಿಲ್ಲಿಸುತ್ತಾರೆ. ಪ್ಲೇಟು ಜಾರುತ್ತಾ ಉಜ್ಜಿ ಬಿಸಿಯಾಗಿ ಸುಟ್ಟ ವಾಸನೆ ಬರುತ್ತದೆ. ವಾಸನೆ ಬಂದರೆ ಪಕ್ಕಕ್ಕೆ ನಿಲ್ಲಿಸಿ ಹತ್ತು ಹದಿನೈದು ನಿಮಿಷ ಆರಲು ಬಿಡಿ. ಮುಂದಿನ ಗಾಡಿ ಒಂದು ಗಾಡಿಯುದ್ದ ಸರಿಯುವವರೆಗೆ ಕಾದು, ಪೂರ್ತಿ ಬಿಟ್ಟು ಹೋಗಿ, ಮತ್ತೆ ಪೂರ್ತಿ ಒತ್ತಿ ನಿಲ್ಲಿಸಿ. ಆ ಸಂದಿಗೆ ಆಟೊದವರು ನುಗ್ಗುತ್ತಾರೆ, ನುಗ್ಗಲಿ. ಹೊಸ ಪ್ಲೇಟಿನ ಬಿಲ್ ಅವರು ಕಟ್ಟುವುದಿಲ್ಲ.

ಸುರಕ್ಷತೆಯ ವಿಚಾರದಲ್ಲಿ ಹೊಗಳಲು ಹೆಚ್ಚೇನೂ ಇಲ್ಲ. 2023ರ ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ಎರಡು ಸ್ಟಾರ್, ಮಕ್ಕಳ ರಕ್ಷಣೆಗೆ ಸೊನ್ನೆ. ಆಗ ಎರಡು ಏರ್‌ಬ್ಯಾಗ್ ಇದ್ದವು, 2025ರಿಂದ ಆರು ಬರುತ್ತಿವೆ. ಇದೇ ಗಾತ್ರದ ಇಂಜಿನ್ನಿನ ವ್ಯಾಗನ್ ಆರ್ ಎತ್ತರದ ಸೀಟಿನಿಂದಾಗಿ ಕುಳ್ಳಗಿರುವವರಿಗೆ ಹೆಚ್ಚು ಅನುಕೂಲ, ಆದರೆ ಅದೇ ವರ್ಷದ ಪರೀಕ್ಷೆಯಲ್ಲಿ ಅದಕ್ಕೆ ಸಿಕ್ಕಿದ್ದು ಒಂದೇ ಸ್ಟಾರ್. ಕಲಿಕೆಯ ಹಂತದಲ್ಲಿ ಆಲ್ಟೊವನ್ನು ಹೆದ್ದಾರಿಯಲ್ಲಿ 80ರ ಮೇಲೆ ಓಡಿಸುವ ಅಗತ್ಯವೇ ಇಲ್ಲ. ಹಗುರ ಗಾಡಿ, ಪಕ್ಕದಲ್ಲಿ ಕೆಎಸ್‌ಆರ್‌ಟಿಸಿ ಬಸ್ಸು ಹಾದುಹೋದರೆ ಸ್ಟೀರಿಂಗ್ ತುಸು ಎಳೆಯುತ್ತದೆ.

ಕೊಳ್ಳುವುದಾದರೆ ವಿಎಕ್ಸ್‌ಐ ವೇರಿಯಂಟಿನ ಮ್ಯಾನುವಲ್ ಗಾಡಿ ನೋಡಿ. ತೀರಾ ಕೆಳಗಿನ ವೇರಿಯಂಟ್ ಎಂದರೆ ಪವರ್ ಸ್ಟೀರಿಂಗ್, ಏಸಿ ಇವೆಯೇ ಎಂದು ಕೇಳಿಯೇ ಮುಂಗಡ ಕೊಡಿ. ಎಜಿಎಸ್ ಎಂದು ಬರೆದದ್ದರಲ್ಲಿ ಗೇರ್ ತಾನೇ ಬದಲಾಗುತ್ತದೆ, ಕ್ಲಚ್ ಪೆಡಲ್ಲೇ ಇರುವುದಿಲ್ಲ. ಕಲಿಯುವುದಕ್ಕೆಂದೇ ಆದರೆ ಸೆಕೆಂಡ್ ಹ್ಯಾಂಡ್ ಕೆ10 ಸಾಕು, ಮೊದಲ ಗೀರುಗಳು ಅದಕ್ಕೇ ಬೀಳಲಿ. ಕೊಳ್ಳುವ ಮುಂಚೆ ಸಮತಟ್ಟು ಜಾಗದಲ್ಲಿ, ಮುಂದೆ ಯಾರೂ ಇಲ್ಲದಾಗ, ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದು, ಬ್ರೇಕನ್ನೂ ಒತ್ತಿ ಹಿಡಿದು, ಮೂರನೇ ಗೇರ್ ಹಾಕಿ ಕ್ಲಚ್ಚನ್ನು ಮೆಲ್ಲಗೆ ಬಿಡಿ. ಇಂಜಿನ್ ತಟ್ಟನೆ ಆಫ್ ಆದರೆ ಪ್ಲೇಟ್ ಗಟ್ಟಿ ಇದೆ. ಕ್ಲಚ್ ಪೂರ್ತಿ ಬಿಟ್ಟರೂ ಇಂಜಿನ್ ಓಡುತ್ತಲೇ ಇದ್ದರೆ ಪ್ಲೇಟ್ ಜಾರುತ್ತಿದೆ. ಕ್ಲಚ್ ಸೆಟ್ಟಿನ ಬೆಲೆ, ಕೂಲಿ ಎರಡನ್ನೂ ಗ್ಯಾರೇಜಿನಲ್ಲಿ ವಿಚಾರಿಸಿ, ಅಷ್ಟನ್ನು ಮುರಿದುಕೊಂಡೇ ಚೌಕಾಸಿಗೆ ಕೂರಿ. ಮನೆಗೆ ತಂದ ದಿನವೇ ಹಿಂದೆ ಮುಂದೆ ಕೆಂಪು ಎಲ್ ಅಂಟಿಸಿ. ಎಲ್‌ಎಲ್ಆರ್ (ಕಲಿಯುವವರ ಲೈಸೆನ್ಸ್) ಇರುವಷ್ಟು ದಿನ ಪಕ್ಕದಲ್ಲಿ ಲೈಸೆನ್ಸ್ ಇರುವವರು ಕೂತಿರಬೇಕು, ಹ್ಯಾಂಡ್ ಬ್ರೇಕಿಗೆ ಅವರ ಕೈ ಸಲೀಸಾಗಿ ಎಟುಕುವಂತಿರಬೇಕು.