ಆನ್‌ಲೈನ್ ವೈದ್ಯರಿಂದ ತೂಕ ಇಳಿಸುವ ಇಂಜೆಕ್ಷನ್: ವರ್ಷ ದಾಟಿದ ಬಳಕೆಯ ನಂತರದ ವಿಮರ್ಶೆ

ಈ ಸೇವೆಗಳ ಬಗ್ಗೆ ಓದಲು ಸಿಗುವ ವಿಮರ್ಶೆಗಳಲ್ಲಿ ಹೆಚ್ಚಿನವು ಮೊದಲ ತಿಂಗಳಲ್ಲೇ ಬರೆದವು. ಫಾರಂ ತುಂಬುವುದು ಸುಲಭ, ಡಾಕ್ಟರ್ ಚೆನ್ನಾಗಿ ಮಾತಾಡಿದರು, ಪಾರ್ಸೆಲ್ ಬೇಗ ಬಂತು, ಐದು ಸ್ಟಾರ್. ಆದರೆ ಮೊದಲ ತಿಂಗಳ ಡೋಸ್ ಇರುವುದು ತೂಕ ಇಳಿಸಲಿಕ್ಕಲ್ಲ, ಹೊಟ್ಟೆಯನ್ನು ಔಷಧಕ್ಕೆ ಒಗ್ಗಿಸಲಿಕ್ಕೆ. ಸೇವೆಯ ನಿಜವಾದ ಗುಣ ಗೊತ್ತಾಗುವುದು ಮೂರನೇ ತಿಂಗಳಿನಿಂದ ಆಚೆಗೆ: ಡೋಸ್ ಏರಿಸಬೇಕೋ, ಅಲ್ಲೇ ಇರಬೇಕೋ, ಇಳಿಸಬೇಕೋ ಎಂಬ ಪ್ರಶ್ನೆ ಎದ್ದಾಗ. ಅದಕ್ಕೆ ಉತ್ತರ ಕೊಡುವುದು ವೈದ್ಯರೋ, ಪಾರ್ಸೆಲ್ ಕಳಿಸುವ ಕ್ಯಾಲೆಂಡರೋ ಎಂಬುದನ್ನೇ ಮೊದಲು ನೋಡಬೇಕು.

ಇಲ್ಲಿ ಹೇಳುವುದು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಎರಡು ಔಷಧಗಳ ಬಗ್ಗೆ: ಸೆಮಾಗ್ಲುಟೈಡ್, ಅಂದರೆ ವೆಗೋವಿ, ಮತ್ತು ಟಿರ್ಜೆಪಟೈಡ್, ಅಂದರೆ ಕೆಲವು ದೇಶಗಳಲ್ಲಿ ಝೆಪ್‌ಬೌಂಡ್, ಉಳಿದೆಡೆ ಮೌಂಜಾರೊ. ವೆಗೋವಿಯ ಏಣಿ ಹೀಗಿದೆ: 0.25, 0.5, 1, 1.7 ಮಿ.ಗ್ರಾಂ, ಪ್ರತಿ ಮೆಟ್ಟಿಲಿಗೆ ನಾಲ್ಕು ವಾರ, ಕೊನೆಗೆ 2.4 ಮಿ.ಗ್ರಾಂ. ಟಿರ್ಜೆಪಟೈಡ್ 2.5ರಿಂದ ಶುರುವಾಗಿ ನಾಲ್ಕು ವಾರದ ನಂತರ 5ಕ್ಕೆ ಹೋಗುತ್ತದೆ. ಅಲ್ಲಿಂದ ಮುಂದೆ ಬೇಕಿದ್ದರೆ ಕನಿಷ್ಠ ನಾಲ್ಕು ವಾರಕ್ಕೊಮ್ಮೆ 2.5ರಂತೆ ಏರಿ ಗರಿಷ್ಠ 15 ಮಿ.ಗ್ರಾಂವರೆಗೆ. "ಬೇಕಿದ್ದರೆ" ಎನ್ನುವುದನ್ನು ಗಮನಿಸಿ. 5 ಮಿ.ಗ್ರಾಂನಲ್ಲೇ ತೂಕ ಇಳಿಯುತ್ತಿದ್ದರೆ ಅಲ್ಲೇ ಉಳಿಯುವುದೂ ಸರಿಯಾದ ಚಿಕಿತ್ಸೆಯೇ. ಹಲವು ಆ್ಯಪ್‌ಗಳು ಈ ಏಣಿಯನ್ನು ಎಸ್ಕಲೇಟರ್ ಮಾಡಿಬಿಟ್ಟಿವೆ, ನಿಂತರೂ ಮೇಲೆ ಹೋಗುತ್ತಿರುತ್ತೀರಿ.

ಮೊದಲ ಹಂತ ಪ್ರಶ್ನಾವಳಿ. ಸಾಮಾನ್ಯ ಅರ್ಹತೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 30 ಅಥವಾ ಅದಕ್ಕಿಂತ ಹೆಚ್ಚು. ರಕ್ತದೊತ್ತಡ, ಟೈಪ್ 2 ಮಧುಮೇಹ, ಕೊಲೆಸ್ಟರಾಲ್ ತೊಂದರೆ, ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆ ಇಂಥದ್ದೊಂದು ಜೊತೆಗಿದ್ದರೆ 27. ದಕ್ಷಿಣ ಏಷ್ಯಾ ಮೂಲದವರಿಗೆ ಕಡಿಮೆ ಬಿಎಂಐಯಲ್ಲೇ ಅಪಾಯ ಶುರುವಾಗುವುದರಿಂದ ಬ್ರಿಟನ್ನಿನ ಮಾರ್ಗಸೂಚಿ ಈ ಮಿತಿಯನ್ನು ಸಾಮಾನ್ಯವಾಗಿ 2.5ರಷ್ಟು ಇಳಿಸುತ್ತದೆ. ಒಳ್ಳೆಯ ಸೇವೆ ಎತ್ತರ ಮತ್ತು ತೂಕಕ್ಕೆ ನಿಮ್ಮ ಬಾಯಿಮಾತನ್ನಷ್ಟೇ ನಂಬುವುದಿಲ್ಲ. ವೀಡಿಯೊ ಕರೆಯಲ್ಲಿ ನೋಡುತ್ತದೆ, ಇಲ್ಲವೇ ಹಳೆಯ ವೈದ್ಯಕೀಯ ದಾಖಲೆ ಕೇಳುತ್ತದೆ. ಬ್ರಿಟನ್ನಿನ ಔಷಧಾಲಯ ನಿಯಂತ್ರಕ ಸಂಸ್ಥೆ 2025ರ ಫೆಬ್ರವರಿಯಲ್ಲಿ ಇದನ್ನೇ ಕಡ್ಡಾಯ ಮಾಡಿತು: ಬರೀ ಪ್ರಶ್ನಾವಳಿ ನಂಬಿ ಈ ಔಷಧ ಕೊಡುವಂತಿಲ್ಲ. ಕಿರಿಕಿರಿ ಎನಿಸಿದರೂ ಇದು ಸೇವೆಯ ಪರವಾಗಿ ಬೀಳುವ ಅಂಕ.

ಕೇಳಲೇಬೇಕಾದ ಪ್ರಶ್ನೆಗಳು ಇನ್ನೂ ಇವೆ. ನಿಮಗಾಗಲಿ ಮನೆಯವರಿಗಾಗಲಿ ಮೆಡುಲರಿ ಥೈರಾಯ್ಡ್ ಕ್ಯಾನ್ಸರ್ ಬಂದಿತ್ತೇ, ಎಂಇಎನ್ 2 ಎಂಬ ಆನುವಂಶಿಕ ಕಾಯಿಲೆ ಇದೆಯೇ, ಮೇದೋಜೀರಕ ಗ್ರಂಥಿ ಊದಿಕೊಂಡದ್ದುಂಟೇ, ಪಿತ್ತಕೋಶದಲ್ಲಿ ಕಲ್ಲು ಇತ್ತೇ, ಮಧುಮೇಹದಿಂದ ಕಣ್ಣಿನ ರೆಟಿನಾಗೆ ತೊಂದರೆಯಾಗಿದೆಯೇ, ಊಟ ಬಿಡುವ ಅಥವಾ ತಿಂದು ವಾಂತಿ ಮಾಡುವ ಮಾನಸಿಕ ಸಮಸ್ಯೆ ಇತ್ತೇ, ಗರ್ಭ ಧರಿಸುವ ಯೋಚನೆ ಇದೆಯೇ. ಇನ್ಸುಲಿನ್ ಅಥವಾ ಸಲ್ಫೊನೈಲ್‌ಯೂರಿಯಾ ಗುಂಪಿನ ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ಅಂಶ ತೀರಾ ಕುಸಿಯುವ ಅಪಾಯವಿದೆ. ಅವುಗಳ ಡೋಸ್ ಇಳಿಸಬೇಕಾಗಬಹುದು. ಇವನ್ನೆಲ್ಲ ಕೇಳದೆ ನೇರ ಪಾವತಿ ಪುಟಕ್ಕೆ ಕರೆದೊಯ್ಯುವ ಜಾಲತಾಣವನ್ನು ಅಲ್ಲೇ ಮುಚ್ಚಿಬಿಡಿ. ಎಚ್‌ಬಿಎ1ಸಿ (ಸರಾಸರಿ ಸಕ್ಕರೆ ಮಟ್ಟ), ಕ್ರಿಯಾಟಿನಿನ್ (ಕಿಡ್ನಿ), ಲಿವರ್ ಎನ್‌ಜೈಮ್, ಲಿಪಿಡ್ (ಕೊಲೆಸ್ಟರಾಲ್), ಟಿಎಸ್‌ಎಚ್ (ಥೈರಾಯ್ಡ್) ರಿಪೋರ್ಟ್‌ಗಳನ್ನು ಕರೆಗೆ ಮುಂಚೆಯೇ ಅಪ್‌ಲೋಡ್ ಮಾಡಿದ್ದರೆ ಮಾತುಕತೆಯ ಸಮಯ ಉಪಯೋಗಕ್ಕೆ ಬರುತ್ತದೆ.

ಮೊದಲ ಕರೆಯಲ್ಲಿ ನೀವೂ ಕೆಲವು ಕೇಳಿ. ಮುಂದಿನ ಸಲವೂ ಇದೇ ವೈದ್ಯರು ಸಿಗುತ್ತಾರೆಯೇ? ಸಂದೇಶಗಳಿಗೆ ಉತ್ತರಿಸುವವರು ವೈದ್ಯಕೀಯ ತರಬೇತಿ ಪಡೆದವರೋ, ಗ್ರಾಹಕ ಸೇವೆಯವರೋ? ಪ್ರಿಸ್ಕ್ರಿಪ್ಷನ್ ಪ್ರತಿಯನ್ನು ಕೈಗೆ ಕೊಡುತ್ತೀರಾ, ಬೇರೆ ಔಷಧಾಲಯದಲ್ಲಿ ನಡೆಯುತ್ತದೆಯೇ? ನನ್ನ ಡೋಸ್ ಸ್ಟಾಕ್ ಇಲ್ಲದಿದ್ದರೆ ಏನು ಮಾಡುತ್ತೀರಿ? "ಇರುವ ಡೋಸ್ ಕಳಿಸುತ್ತೇವೆ" ಎಂಬುದು ಸರಿಯಾದ ಉತ್ತರವಲ್ಲ.

ಇನ್ನು ನಿಜವಾದ ಸಮಸ್ಯೆಗೆ ಬರೋಣ. ಸೆಮಾಗ್ಲುಟೈಡ್ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು, ಟಿರ್ಜೆಪಟೈಡ್‌ಗೆ ಸುಮಾರು ಐದು ದಿನ. ಹಾಗಾಗಿ ಹೊಸ ಡೋಸ್ ಶುರು ಮಾಡಿದ ಮೇಲೆ ರಕ್ತದಲ್ಲಿ ಔಷಧದ ಮಟ್ಟ ವಾರದಿಂದ ವಾರಕ್ಕೆ ಏರುತ್ತಾ ಹೋಗಿ, ನಾಲ್ಕೈದು ವಾರಕ್ಕೆ ಒಂದು ಹದಕ್ಕೆ ನಿಲ್ಲುತ್ತದೆ. ಈಗ ಪಾರ್ಸೆಲ್ ಲೆಕ್ಕ ನೋಡಿ. ಪೆಟ್ಟಿಗೆಯಲ್ಲಿ ನಾಲ್ಕು ವಾರದ ಔಷಧ ಇರುತ್ತದೆ. ಮುಂದಿನದು ಸಮಯಕ್ಕೆ ಮುಟ್ಟಬೇಕೆಂದರೆ "ಹೇಗಿದ್ದೀರಿ, ಡೋಸ್ ಏರಿಸೋಣವೇ?" ಎಂಬ ಫಾರಂ ಒಂದು ವಾರ ಮೊದಲೇ ಬರುತ್ತದೆ. ಆಗಿನ್ನೂ ಆ ಡೋಸಿನ ಮೂರೇ ಇಂಜೆಕ್ಷನ್ ಆಗಿರುತ್ತವೆ, ಮಟ್ಟ ಹದಕ್ಕೆ ಬಂದಿರುವುದಿಲ್ಲ. ಆ ಹೊತ್ತಿನ ಆರಾಮ ನೋಡಿ "ಹೌದು" ಒತ್ತಿದವರು ಐದನೇ ವಾರ ವಾಂತಿ ಮಾಡಿಕೊಂಡು ಔಷಧವನ್ನೇ ಬೈಯುತ್ತಾರೆ. ಪರಿಹಾರ ಸರಳ: ಫಾರಂನಲ್ಲಿ "ಇದೇ ಡೋಸ್ ಮುಂದುವರಿಸಿ" ಆಯ್ಕೆ ಇದೆಯೇ ನೋಡಿ. ಇಲ್ಲದಿದ್ದರೆ ಸ್ವಯಂಚಾಲಿತ ಆರ್ಡರ್ ತಡೆಹಿಡಿದು ವೈದ್ಯರಿಗೆ ಸಂದೇಶ ಹಾಕಿ. ತೂಕ ಇಳಿಯುತ್ತಿದೆ, ಹಸಿವು ಹಿಡಿತದಲ್ಲಿದೆ ಎಂದರೆ ಏರಿಸುವ ಅವಸರ ಇಲ್ಲ. ಈ ಆಯ್ಕೆಯನ್ನೇ ಕೊಡದ ಸೇವೆ, ಉಳಿದ ವಿಷಯದಲ್ಲಿ ಎಷ್ಟೇ ಚೆನ್ನಾಗಿದ್ದರೂ, ಎರಡು ಸ್ಟಾರ್‌ಗಿಂತ ಹೆಚ್ಚಿಗೆ ಯೋಗ್ಯವಲ್ಲ.

ಪಾರ್ಸೆಲ್ ಬಂದ ಕೂಡಲೇ ತೆರೆಯಿರಿ. ಔಷಧ ಇರಬೇಕಾದದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಐಸ್ ಪ್ಯಾಕ್ ಕರಗಿದ್ದ ಮಾತ್ರಕ್ಕೆ ಔಷಧ ಕೆಟ್ಟಿತೆಂದಲ್ಲ: ಒಂದೇ ಡೋಸಿನ ವೆಗೋವಿ ಪೆನ್ (ಪೆನ್ನಿನಾಕಾರದ ಚುಚ್ಚುವ ಸಾಧನ) 30 ಡಿಗ್ರಿ ಮೀರದ ಜಾಗದಲ್ಲಿ 28 ದಿನ, ಝೆಪ್‌ಬೌಂಡ್ 21 ದಿನ ತಡೆಯುತ್ತವೆ. ನಿಜವಾದ ಶತ್ರು ಹೆಪ್ಪುಗಟ್ಟುವಿಕೆ. ಪೆನ್ ಐಸ್ ಪ್ಯಾಕ್‌ಗೆ ನೇರ ಅಂಟಿಕೊಂಡು ಗಟ್ಟಿಯಾಗಿದ್ದರೆ, ಕರಗಿದ ಮೇಲೆ ನೋಡಲು ಚೆನ್ನಾಗಿದ್ದರೂ ಬಳಸುವಂತಿಲ್ಲ. ಮನೆಯಲ್ಲೂ ಫ್ರಿಡ್ಜ್‌ನ ಹಿಂಗೋಡೆಗೆ ತಾಗಿಸಿ ಇಡಬೇಡಿ. ವಾರಾಂತ್ಯಕ್ಕೆ ಮುಂಚಿನ ದಿನ ಹೊರಡುವ ಪಾರ್ಸೆಲ್ ಗೋದಾಮಿನಲ್ಲಿ ಕೂರುವ ಸಂಭವ ಹೆಚ್ಚು, ಹಾಗಾಗಿ ವಾರದ ಆರಂಭದಲ್ಲಿ ಕಳಿಸಲು ಕೇಳಿಕೊಳ್ಳಿ.

ಪೆಟ್ಟಿಗೆ ಸೀಲ್, ಬ್ಯಾಚ್ ಸಂಖ್ಯೆ, ಅವಧಿ, ಮುದ್ರಣದ ಗುಣಮಟ್ಟ ನೋಡಿಕೊಳ್ಳಿ. ನಕಲಿ ಸೆಮಾಗ್ಲುಟೈಡ್ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2024ರ ಜೂನ್‌ನಲ್ಲಿ ಎಚ್ಚರಿಕೆ ಹೊರಡಿಸಿತ್ತು. ಪೆನ್ನಿನ ಬದಲು ಬಾಟಲಿಯಲ್ಲಿ ಔಷಧ ಮತ್ತು ಇನ್ಸುಲಿನ್ ಸಿರಿಂಜ್ ಕಳಿಸುವ ಕಡೆ ಇನ್ನೊಂದು ಗಂಡಾಂತರವಿದೆ. ವೈದ್ಯರು ಬರೆಯುವುದು ಮಿಲಿಗ್ರಾಂನಲ್ಲಿ, ಸಿರಿಂಜ್ ಮೇಲಿರುವುದು ಯೂನಿಟ್. ಯು-100 ಎಂದು ಬರೆದಿರುವ ಸಿರಿಂಜ್‌ನಲ್ಲಿ 100 ಯೂನಿಟ್ ಎಂದರೆ 1 ಮಿ.ಲೀ. ಬಾಟಲಿಯಲ್ಲಿ ಪ್ರತಿ ಮಿ.ಲೀ.ಗೆ 2.5 ಮಿ.ಗ್ರಾಂ ಇದ್ದರೆ 0.25 ಮಿ.ಗ್ರಾಂ ಡೋಸ್ ಎಂದರೆ 10 ಯೂನಿಟ್, 5 ಮಿ.ಗ್ರಾಂ ಇದ್ದರೆ 5 ಯೂನಿಟ್ ಮಾತ್ರ. ಮುಂದಿನ ತಿಂಗಳು ದುಪ್ಪಟ್ಟು ಸಾಂದ್ರತೆಯ ಬಾಟಲಿ ಬಂದು, ನೀವು ಹಳೇ ಲೆಕ್ಕದಲ್ಲೇ ಎಳೆದರೆ ಡೋಸ್ ದುಪ್ಪಟ್ಟಾಗುತ್ತದೆ. ಉದ್ದೇಶಿಸಿದ್ದಕ್ಕಿಂತ 5ರಿಂದ 20 ಪಟ್ಟು ಹೆಚ್ಚು ಚುಚ್ಚಿಕೊಂಡ ಪ್ರಕರಣಗಳನ್ನು ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ 2024ರಲ್ಲಿ ವರದಿ ಮಾಡಿದೆ. ಯೂನಿಟ್ ಎಷ್ಟೆಂದು ಬರಹದಲ್ಲಿ ಕೇಳಿ ಪಡೆಯದೆ ಸೂಜಿ ಮುಟ್ಟಬೇಡಿ.

ಚುಚ್ಚುವುದರ ಬಗ್ಗೆ ಹೇಳಲು ಹೆಚ್ಚಿಲ್ಲ. ಹೊಟ್ಟೆ, ತೊಡೆ ಅಥವಾ ಮೇಲ್ತೋಳು, ಪ್ರತಿ ವಾರ ಜಾಗ ಬದಲಿಸಿ. ಬೇಗ ಎತ್ತಿದರೆ ಔಷಧ ಚರ್ಮದ ಮೇಲೆ ಚೆಲ್ಲುತ್ತದೆ. ಒಂದೇ ಡೋಸಿನ ವೆಗೋವಿಯಲ್ಲಿ ಹಳದಿ ಪಟ್ಟಿ ಚಲಿಸುವುದು ನಿಲ್ಲುವ ತನಕ ಒತ್ತಿ ಹಿಡಿಯಿರಿ. ನಾಲ್ಕು ಡೋಸಿನ ಪೆನ್ ಆದರೆ ಪ್ರತಿ ಸಲ ಹೊಸ ಸೂಜಿ. ಹಳೆಯದನ್ನು ಪೆನ್ನಿಗೇ ಬಿಟ್ಟರೆ ಸೋರುತ್ತದೆ, ಗಾಳಿಗುಳ್ಳೆ ಸೇರುತ್ತದೆ.

ಅಡ್ಡಪರಿಣಾಮಗಳ ವಿಚಾರ. ವೆಗೋವಿಯ ಮುಖ್ಯ ಪರೀಕ್ಷೆಯಾದ ಸ್ಟೆಪ್ 1ರಲ್ಲಿ ಔಷಧ ಪಡೆದವರ ಪೈಕಿ ಶೇ 44ರಷ್ಟು ಜನರಿಗೆ ವಾಕರಿಕೆ ಬಂದಿತ್ತು, ಹುಸಿ ಇಂಜೆಕ್ಷನ್ ಪಡೆದವರಲ್ಲಿ ಶೇ 17. ಜಠರ ನಿಧಾನವಾಗಿ ಖಾಲಿಯಾಗುವುದು ಇದಕ್ಕೆ ಒಂದು ಕಾರಣ. ಸೆಮಾಗ್ಲುಟೈಡ್ ರಕ್ತದಲ್ಲಿ ಗರಿಷ್ಠಕ್ಕೇರುವುದು ಚುಚ್ಚಿದ ಒಂದರಿಂದ ಮೂರು ದಿನದೊಳಗೆ. ಆ ದಿನಗಳಲ್ಲಿ ಜಿಡ್ಡಿನ ಊಟ ಬೇಡ, ತುಸು ತುಂಬಿತೆನಿಸಿದಾಗಲೇ ಕೈ ತೊಳೆಯಿರಿ. ಕೆಲಸದ ಒತ್ತಡದ ದಿನ ನೋಡಿಕೊಂಡು ವಾರದಲ್ಲಿ ಚುಚ್ಚುವ ದಿನ ಆರಿಸಿಕೊಳ್ಳುವುದು ಜಾಣತನ. ಆ ದಿನ ಬದಲಿಸುವುದಾದರೆ ಎರಡು ಡೋಸ್ ನಡುವೆ ವೆಗೋವಿಗೆ (ಅಮೆರಿಕದ ಲೇಬಲ್ ಪ್ರಕಾರ) ಕನಿಷ್ಠ 48 ಗಂಟೆ, ಟಿರ್ಜೆಪಟೈಡ್‌ಗೆ 72 ಗಂಟೆ ಅಂತರ ಇರಲಿ. ವಾಕರಿಕೆಗಿಂತ ಮಲಬದ್ಧತೆ ಹೆಚ್ಚು ದಿನ ಕಾಡುತ್ತದೆ, ಆದರೆ ಅದರ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ಮೊದಲ ಕರೆಯಲ್ಲೇ ಅದಕ್ಕೊಂದು ಔಷಧ ಕೇಳಿಟ್ಟುಕೊಳ್ಳಿ.

ಕೆಲವು ಲಕ್ಷಣಗಳಿಗೆ ಆ್ಯಪ್ ಜಾಗವೇ ಅಲ್ಲ. ಬೆನ್ನಿಗೆ ಹಾಯುವ ತೀವ್ರ ಹೊಟ್ಟೆನೋವು, ಬಲಪಕ್ಕೆಯ ಕೆಳಗಿನ ನೋವಿನ ಜೊತೆ ಜ್ವರ ಅಥವಾ ಕಣ್ಣು ಹಳದಿಯಾಗುವುದು, ನೀರೂ ಹೊಟ್ಟೆಯಲ್ಲಿ ನಿಲ್ಲದಂಥ ವಾಂತಿ, ದೃಷ್ಟಿಯಲ್ಲಿ ದಿಢೀರ್ ಬದಲಾವಣೆ ಕಂಡರೆ ನೇರ ಆಸ್ಪತ್ರೆ. ಶಸ್ತ್ರಚಿಕಿತ್ಸೆ ಇದ್ದರೆ ಅರಿವಳಿಕೆ ತಜ್ಞರಿಗೆ ಈ ಔಷಧದ ವಿಷಯ ಹೇಳಲೇಬೇಕು, ಉಪವಾಸವಿದ್ದರೂ ಜಠರದಲ್ಲಿ ಆಹಾರ ಉಳಿದಿರಬಹುದು. ಟಿರ್ಜೆಪಟೈಡ್ ಗರ್ಭನಿರೋಧಕ ಮಾತ್ರೆಯ ಪರಿಣಾಮ ತಗ್ಗಿಸಬಹುದು. ಶುರು ಮಾಡಿದಾಗ ಮತ್ತು ಪ್ರತಿ ಸಲ ಡೋಸ್ ಏರಿಸಿದಾಗ ನಾಲ್ಕು ವಾರ ಬೇರೊಂದು ವಿಧಾನವೂ ಬೇಕು. ಗರ್ಭ ಧರಿಸುವ ಯೋಚನೆ ಇದ್ದರೆ ಸೆಮಾಗ್ಲುಟೈಡನ್ನು ಕನಿಷ್ಠ ಎರಡು ತಿಂಗಳ ಮೊದಲೇ ನಿಲ್ಲಿಸಬೇಕು.

ಡೋಸ್ ತಪ್ಪಿದರೆ? ವೆಗೋವಿಯಲ್ಲಿ ಮುಂದಿನ ಡೋಸ್‌ಗೆ ಎರಡು ದಿನಕ್ಕಿಂತ ಹೆಚ್ಚು ಇದ್ದರೆ ನೆನಪಾದ ಕೂಡಲೇ ಹಾಕಿಕೊಳ್ಳಿ. ಟಿರ್ಜೆಪಟೈಡ್ ಆದರೆ ತಪ್ಪಿದ ನಾಲ್ಕು ದಿನದೊಳಗೆ. ಅದು ದಾಟಿದರೆ ಬಿಟ್ಟುಬಿಡಿ, ಎರಡನ್ನು ಒಟ್ಟಿಗೆ ಹಾಕಬೇಡಿ. ಸ್ಟಾಕ್ ಇಲ್ಲದೆ ಹಲವು ವಾರ ತಪ್ಪಿದರೆ ದೊಡ್ಡ ಡೋಸ್‌ನಿಂದ ಮತ್ತೆ ಶುರು ಮಾಡಬೇಡಿ, ಹೊಟ್ಟೆ ಒಗ್ಗಿದ್ದನ್ನು ಮರೆತಿರುತ್ತದೆ. ಎಲ್ಲಿಂದ ಶುರು ಎಂಬುದನ್ನು ವೈದ್ಯರೇ ಹೇಳಲಿ.

ಫಲಿತಾಂಶ ಎಷ್ಟು? ಸ್ಟೆಪ್ 1ರಲ್ಲಿ 68 ವಾರಕ್ಕೆ ಸರಾಸರಿ ಶೇ 15ರಷ್ಟು ತೂಕ ಇಳಿದಿತ್ತು. ಟಿರ್ಜೆಪಟೈಡ್ 15 ಮಿ.ಗ್ರಾಂ ಪಡೆದವರಲ್ಲಿ 72 ವಾರಕ್ಕೆ ಸುಮಾರು ಶೇ 21. ಸರಾಸರಿ ಎಂದರೆ ಸರಾಸರಿ. ವೆಗೋವಿ ಪಡೆದ ಏಳು ಜನರಲ್ಲಿ ಒಬ್ಬರಿಗೆ ಶೇ 5 ಕೂಡ ಇಳಿಯಲಿಲ್ಲ. ತಡೆಯಬಲ್ಲ ಗರಿಷ್ಠ ಡೋಸ್‌ನಲ್ಲಿ ಆರು ತಿಂಗಳಾದರೂ ಶೇ 5 ದಾಟದಿದ್ದರೆ ಮುಂದುವರಿಸಬೇಕೇ ಎಂಬ ಮಾತನ್ನು ಸೇವೆಯೇ ಎತ್ತಬೇಕು. ಚಂದಾ ನಡೆಯುತ್ತಿರುವಷ್ಟು ಕಾಲ ಅವರು ಎತ್ತುವುದು ಅಪರೂಪ. ಇಳಿದ ತೂಕದಲ್ಲಿ ಕಾಲುಭಾಗದಿಂದ ಶೇ 40ರವರೆಗೆ ಕೊಬ್ಬಲ್ಲದ ಭಾಗವಿರುತ್ತದೆ, ಅದರಲ್ಲಿ ಸ್ನಾಯುವೂ ಸೇರಿದೆ. ಹಾಗಾಗಿ ಪ್ರೋಟೀನ್ ಗುರಿ ಮತ್ತು ಭಾರ ಎತ್ತುವ ವ್ಯಾಯಾಮದ ಬಗ್ಗೆ ಮಾತಾಡದ ವೈದ್ಯರು ಅರ್ಧ ಕೆಲಸ ಮಾತ್ರ ಮಾಡಿದ್ದಾರೆ.

ಬರೀ ತೂಕದ ತೊಂದರೆ ಇದ್ದು, ಬೇರೆ ಔಷಧ ಕಡಿಮೆ ಇರುವವರಿಗೆ, ಹತ್ತಿರದಲ್ಲೊಬ್ಬ ಸಾಮಾನ್ಯ ವೈದ್ಯರೂ ಇದ್ದರೆ, ಈ ವಿಧಾನ ಚೆನ್ನಾಗಿ ಕೆಲಸ ಮಾಡುತ್ತದೆ. ಇನ್ಸುಲಿನ್ ಮೇಲಿರುವವರು, ಕಿಡ್ನಿ ಅಥವಾ ರೆಟಿನಾ ತೊಂದರೆ ಇರುವವರು ಎದುರು ಕೂತು ನೋಡುವ ವೈದ್ಯರನ್ನೇ ಹಿಡಿಯುವುದು ಒಳ್ಳೆಯದು.

ನಿಲ್ಲಿಸುವ ಯೋಜನೆಯನ್ನು ನಿಲ್ಲಿಸುವ ಮುಂಚೆಯೇ ಕೇಳಿ. ಸ್ಟೆಪ್ 1ರ ಮುಂದುವರಿಕೆಯಲ್ಲಿ ಔಷಧ ಬಿಟ್ಟ ಒಂದು ವರ್ಷದಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ಮರಳಿತ್ತು. ಚಂದಾ ರದ್ದು ಮಾಡುವುದಾದರೆ ಮುಂದಿನ ಪಾರ್ಸೆಲ್ ಸಿದ್ಧವಾಗುವ ಗಡುವಿಗೆ ಮುಂಚೆಯೇ ಮಾಡಿ, ಹೊರಟ ಔಷಧವನ್ನು ಸಾಮಾನ್ಯವಾಗಿ ಯಾರೂ ವಾಪಸ್ ಪಡೆಯುವುದಿಲ್ಲ. ಖಾತೆ ಮುಚ್ಚುವ ಮೊದಲು ಪ್ರಿಸ್ಕ್ರಿಪ್ಷನ್, ಡೋಸ್ ಬದಲಾದ ದಿನಾಂಕ, ತೂಕದ ಪಟ್ಟಿ, ಲ್ಯಾಬ್ ರಿಪೋರ್ಟ್ ಇಳಿಸಿಕೊಳ್ಳಿ. ಮುಂದಿನ ವೈದ್ಯರು ಮೊದಲು ಕೇಳುವುದು ಕೊನೆಯ ಡೋಸ್ ಯಾವುದು, ಯಾವ ದಿನ ಹಾಕಿದ್ದು ಎಂದೇ. ಆ ದಾಖಲೆ ಇಲ್ಲದಿದ್ದರೆ ಏಣಿಯ ಮೊದಲ ಮೆಟ್ಟಿಲಿಂದಲೇ ಹತ್ತಿಸುವ ಸಂಭವ ಹೆಚ್ಚು.