ಲೈಬ್ರರಿ ನಂಬುವ ಮುಂಚೆ: ಎನ್‌ಐಎಸ್‌ಟಿ ಡೇಟಾಸೆಟ್‌ಗಳನ್ನು ವರ್ಷಗಟ್ಟಲೆ ಬಳಸಿದ ಮೇಲೆ

ಲೆಕ್ಕದ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಆರಿಸುವಾಗ ಸುಮ್ನೆ ಜನಪ್ರಿಯತೆ ನೋಡಿ ತೃಪ್ತಿಪಡುವವರೇ ಜಾಸ್ತಿ. ನನಗೆ ಅದು ಸಾಲುವುದಿಲ್ಲ. ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆ ಎನ್‌ಐಎಸ್‌ಟಿ ಉಚಿತವಾಗಿ ಕೊಡುವ ಸ್ಟ್ಯಾಟಿಸ್ಟಿಕಲ್ ರೆಫರೆನ್ಸ್ ಡೇಟಾಸೆಟ್‌ಗಳೇ ನನ್ನ ಒರೆಗಲ್ಲು. ಡೇಟಾ ಜೊತೆಗೆ ಸರಿಯಾದ ಉತ್ತರವನ್ನೂ ಕೊಟ್ಟಿರುತ್ತಾರೆ.

ಹೊಸ ಲೈಬ್ರರಿ ಹಾಕಿಕೊಂಡ ಕೂಡಲೇ ನಾನು ತೆರೆಯುವುದು ನಮ್‌ಆಕ್4 ಫೈಲ್. ಅದರಲ್ಲಿ 1001 ಸಂಖ್ಯೆಗಳಿವೆ, ಎಲ್ಲವೂ 10000000.1, 10000000.2, 10000000.3 ಇಷ್ಟರೊಳಗೇ. ಸ್ಟ್ಯಾಂಡರ್ಡ್ ಡೀವಿಯೇಶನ್ (ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಸರಿಯಾಗಿ 0.1. ನೋಡಲು ಎಷ್ಟು ಸುಲಭ, ಅಲ್ವಾ? ಆದರೆ ಅದನ್ನು ಲೆಕ್ಕಹಾಕಲು ವರ್ಗಗಳ ಸರಾಸರಿಯಿಂದ ಸರಾಸರಿಯ ವರ್ಗ ಕಳೆಯುವ ಕೋಡ್ ಇಲ್ಲಿ ನೆಲಕಚ್ಚುತ್ತದೆ. ವರ್ಗ ಮಾಡಿದರೆ ಸಂಖ್ಯೆ ನೂರು ಲಕ್ಷ ಕೋಟಿ ಆಗುತ್ತದೆ. ಅಷ್ಟು ದೊಡ್ಡ ಜಾಗದಲ್ಲಿ ಡಬಲ್‌ನ (ಕಂಪ್ಯೂಟರ್ ದಶಮಾಂಶ ಸಂಖ್ಯೆ ಇಡುವ 64 ಬಿಟ್ ರೂಪ) ಅಕ್ಕಪಕ್ಕದ ಎರಡು ಸಂಖ್ಯೆಗಳ ಅಂತರವೇ 0.0156. ನಮಗೆ ಬೇಕಾದ ವೇರಿಯನ್ಸ್ (ಸ್ಟ್ಯಾಂಡರ್ಡ್ ಡೀವಿಯೇಶನ್‌ನ ವರ್ಗ) 0.01! ಮೊದಲು ಸರಾಸರಿ ತೆಗೆದು ಆಮೇಲೆ ವ್ಯತ್ಯಾಸಗಳನ್ನು ಕೂಡುವ ಕೋಡ್‌ಗೆ ಸುಮಾರು 8 ಅಂಕಿ ಸರಿ ಬರುತ್ತವೆ. ಅದಕ್ಕಿಂತ ಜಾಸ್ತಿ ಕೇಳಬಾರದು, ಉಳಿದದ್ದು ಫೈಲ್ ಓದುವಾಗಲೇ ಹೋಗಿರುತ್ತದೆ.

ಪೈಥಾನ್‌ನ ಲೈಬ್ರರಿ ನಮ್‌ಪೈ ಈ ಸ್ಟ್ಯಾಂಡರ್ಡ್ ಡೀವಿಯೇಶನ್ 0.09995 ಅಂದರೆ ಗಾಬರಿ ಬೇಡ. ಅದು ಡೀಫಾಲ್ಟ್ ಆಗಿ ಎನ್‌ನಿಂದ, ಅಂದರೆ ಸಂಖ್ಯೆಗಳ ಎಣಿಕೆಯಿಂದ, ಭಾಗಿಸುತ್ತದೆ. ಸಂಖ್ಯಾಶಾಸ್ತ್ರದ ಭಾಷೆ ಆರ್ ಭಾಗಿಸುವುದು ಎನ್ ಮೈನಸ್ 1ರಿಂದ, 0.1 ಬರುವುದು ಹಾಗೆ.

ಆಮೇಲೆ ಅದೇ ಸಂಗ್ರಹದ ರಿಗ್ರೆಶನ್ ಫೈಲ್ ಫಿಲಿಪ್; ರಿಗ್ರೆಶನ್ ಅಂದರೆ ಡೇಟಾಗೆ ಸೂತ್ರ ಹೊಂದಿಸುವುದು. 82 ಸಾಲು, 10ನೇ ಡಿಗ್ರಿ ಪಾಲಿನೋಮಿಯಲ್. ಆರ್‌ನ ರಿಗ್ರೆಶನ್ ಫಂಕ್ಷನ್ ಎಲ್‌ಎಮ್ ಇಲ್ಲಿ ಡೀಫಾಲ್ಟ್ ಟಾಲರೆನ್ಸ್‌ನಲ್ಲಿ (ಸಂಖ್ಯೆಗಳು ಎಷ್ಟು ಹತ್ತಿರವಾದರೆ ಬೇರ್ಪಡಿಸುವುದನ್ನು ಕೈಬಿಡಬೇಕು ಎಂಬ ಮಿತಿ) ಒಂದು ಕೋಎಫಿಶಿಯೆಂಟನ್ನು ಕೈಬಿಟ್ಟು ಅದರ ಜಾಗದಲ್ಲಿ ಎನ್‌ಎ (ಉತ್ತರ ಇಲ್ಲ) ತೋರಿಸುತ್ತದೆ. ಈ ಗುಣ ನನಗೆ ತುಂಬಾ ಇಷ್ಟ. ಸದ್ದಿಲ್ಲದೆ ತಪ್ಪು ಸಂಖ್ಯೆ ಕೊಡುವುದಕ್ಕಿಂತ ಇದು ಎಷ್ಟೋ ವಾಸಿ. ಟಾಲರೆನ್ಸ್ ಬಿಗಿ ಮಾಡಿದರೆ ಉತ್ತರ ಬರುತ್ತದೆ.

ಕೊರತೆಯೂ ಇದೆ. ನನ್ನ ದಿನನಿತ್ಯದ ಕೆಲಸ ಲಾಜಿಸ್ಟಿಕ್ ರಿಗ್ರೆಶನ್, ಅಂದರೆ ಹೌದು-ಇಲ್ಲ ಉತ್ತರದ ಸಂಭವನೀಯತೆ ಅಂದಾಜಿಸುವುದು. ಅದು ಈ ಸಂಗ್ರಹದಲ್ಲಿ ಇಲ್ಲವೇ ಇಲ್ಲ, ಗುಂಪುಗಳಾಗಿ ಬರುವ ಡೇಟಾಗೆ ಬಳಸುವ ಮಿಕ್ಸೆಡ್ ಮಾಡೆಲ್‌ಗಳೂ ಇಲ್ಲ. ಹಾಗಾಗಿ ಅಲ್ಲಿ ಆರ್‌ನ ಜಿಎಲ್‌ಎಮ್ ಫಂಕ್ಷನ್ ಮತ್ತು ಪೈಥಾನ್‌ನ ಸ್ಟ್ಯಾಟ್ಸ್‌ಮಾಡೆಲ್ಸ್ ಲೈಬ್ರರಿ ಎರಡರಲ್ಲೂ ಓಡಿಸಿ ತಾಳೆ ನೋಡುತ್ತೇನೆ. ಇದಕ್ಕೆ ಸಮಯ ಹಿಡಿಯುತ್ತದೆ, ಪ್ರಮಾಣಿತ ಉತ್ತರದ ನೆಮ್ಮದಿಯೂ ಸಿಗುವುದಿಲ್ಲ. ಪೈಥಾನ್‌ನ ಇನ್ನೊಂದು ಲೈಬ್ರರಿ ಸೈಕಿಟ್‌-ಲರ್ನ್ ಜೊತೆ ಹೋಲಿಸುವವರು ಮೊದಲು ಪೆನಾಲ್ಟಿ (ಕೋಎಫಿಶಿಯೆಂಟ್‌ಗಳನ್ನು ಚಿಕ್ಕದಾಗಿ ಎಳೆಯುವ ಸೇರ್ಪಡೆ) ತೆಗೆಯಿರಿ. ಅದು ಡೀಫಾಲ್ಟ್ ಆಗಿಯೇ ಇರುತ್ತದೆ, ಉತ್ತರ ಹೊಂದುವುದಿಲ್ಲ.

ಸರಾಸರಿ, ವೇರಿಯನ್ಸ್ ಮಾತ್ರ ಬೇಕಾದವರಿಗೆ ನಮ್‌ಆಕ್4 ಒಂದೇ ಸಾಕು. ರಿಗ್ರೆಶನ್ ಮಾಡುವವರು ಫಿಲಿಪ್ ಬಿಡಬೇಡಿ.